ಹದಿನೆಂಟನೆಯ ಕಂತು

ಹದಿನೇಳನೆಯ ಕಂತಿನ ಕೊನೆಗೆ ಮಿಂಚುಳ್ಳಿ
ಇನ್ನೂ ನೀಲಿ ಕಾಗದದ ಮೇಲಿತ್ತು.
ಹತ್ತೊಂಬತ್ತು ತೆರೆದರೆ ಶನಿಯ ಬಳೆ ದಾಟಿದೆ,
ಒಳಗೆ ಯಾರೋ ಉಪ್ಪಿಟ್ಟಿಗೆ ಸಾಸಿವೆ ಸಿಡಿಸುತ್ತಿದ್ದಾರೆ.
ನಡುವಿನ ವಾರ ಪತ್ರಿಕೆ ಬರಲಿಲ್ಲ. ಪ್ರೆಸ್ಸಿಗೆ ಬೀಗ.
ಬರೆದವರು ಮತ್ತೆ ಆ ಮಾತೆತ್ತಲಿಲ್ಲ,
ಆಮೇಲೆ ತೀರಿಕೊಂಡರು.

ಮೂವತ್ತೆಂಟು ವರ್ಷದಿಂದ ನಾವು ಕಟ್ಟುತ್ತಲೇ ಇದ್ದೇವೆ,
ಪೀಣ್ಯ ಎರಡನೇ ಹಂತ, ಮುನಿರತ್ನಮ್ಮನ ಟೀ ಅಂಗಡಿ,
ಭಾನುವಾರ, ಲೇತುಗಳು ಬಾಯಿ ಮುಚ್ಚಿದ ಹೊತ್ತು.

ಜಬೀವುಲ್ಲಾ, ವೆಲ್ಡಿಂಗಿನವನು, ಅನ್ನುತ್ತಾನೆ:
ನೆಲದ ಮೇಲೇ ಕಟ್ಟಿದ್ದು, ಬರೆದಿಟ್ಕೊಳ್ಳಿ.
ಆರ್ಗಾನ್ ಸಿಲಿಂಡರು ಅಷ್ಟು ಮೇಲಕ್ಕೆ
ಹೊರೋರು ಯಾರು, ನಿಮ್ಮ ಮಾವನಾ?

ಫಿಲೋಮಿನಾ ಜಾಲಹಳ್ಳಿಯಲ್ಲಿ ಇಪ್ಪತ್ತಾರು ವರ್ಷ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ವಾಚು ಜೋಡಿಸಿದವಳು.
ಅಲ್ಲಿ ತುಕ್ಕಿಲ್ಲ, ಧೂಳಿಲ್ಲ, ಆರ್ಗಾನ್ ಯಾಕಪ್ಪ?
ಎರಡು ಚೊಕ್ಕ ತಗಡು ತಾಗಿಸು, ಹತ್ಕೊಂಡ್‌ಬಿಡುತ್ತೆ,
ಗಂಡ ಹೆಂಡ್ತಿ ಥರ ಅಲ್ಲ, ನಿಜವಾಗ್ಲೂ.

ನನ್ನದು ಬೇರೆಯೇ ತಕರಾರು.
ಇಪ್ಪತ್ತೆರಡು ವರ್ಷ ಬಸ್ಸಿನ ಕಂಡಕ್ಟರಾಗಿದ್ದವನಿಗೆ
ಆಕಾಶಕ್ಕಿಂತ ರಸ್ತೆಯದೇ ಚಿಂತೆ.
ನಳಿಕೆಯ ಬಾಯಿ ಆರು ಮೀಟರು (ಕಂತು ಹನ್ನೊಂದು).
ಪೀಣ್ಯದಲ್ಲಿ ಕಟ್ಟಿದ್ದೇ ಆದರೆ
ಗೊರಗುಂಟೆಪಾಳ್ಯ ದಾಟಿಸಿದ್ದು ಹೇಗೆ?
ಆಗೆಲ್ಲಿತ್ತು ಸ್ವಾಮಿ ಫ್ಲೈಓವರು? ಅನ್ನುತ್ತಾನೆ ಜಬೀವುಲ್ಲಾ.
ಕತೆ ನಡೆದದ್ದು ಎರಡು ಸಾವಿರದ ನಲವತ್ತರಲ್ಲಿ, ಅನ್ನುತ್ತೇನೆ ನಾನು.
ನಡೆದದ್ದಾ? ಅನ್ನುತ್ತಾಳೆ ಫಿಲೋಮಿನಾ. ಇನ್ನೂ ಬರಬೇಕಲ್ಲ.

ಹೀಗಿರಲು ಕಳೆದ ಭಾನುವಾರ ಒಬ್ಬ ಮುದುಕ,
ಕಾಳಾಚಾರಿ ಅಂತೆ, ಹೆಬ್ಬೆರಳು ಸವೆದು ಚಪ್ಪಟೆ,
ಬನ್ನು ಅದ್ದಿಕೊಂಡೇ ಹೇಳಿದ:
ಆ ಕಂತಿಗೆ ಮೊಳೆ ಜೋಡಿಸಿದ್ದು ನಾನೇ.

ಸ್ಟವ್ವಿನ ಸದ್ದು ಮಾತ್ರ ಉಳಿಯಿತು.

ಎಲ್ಲಿಂದ ಹಾರಿಸಿದ್ರು? ಮೂವರೂ ಒಟ್ಟಿಗೆ.

ಗೊತ್ತಿಲ್ಲ. ಮೊಳೆ ಜೋಡಿಸೋನು ಓದಲ್ಲ.
ಅಕ್ಷರ ಬೆನ್ನು ತೋರಿಸ್ಕೊಂಡು ಒಂದೊಂದೇ ಬರುತ್ತೆ,
ಅರ್ಥ ಮುಖ ತಿರುಗಿಸೋ ಹೊತ್ತಿಗೆ ಸಾಲು ಮುಗಿದಿರುತ್ತೆ.
ಒಂದೇ ನೆನಪು: ಅವತ್ತು ಳಕಾರ ಸಾಲಲಿಲ್ಲ.
ಹದಿನೇಳು ಕಂತಿಗೂ ಸಾಲಿತ್ತು, ಅವತ್ತು ಗೂಡು ಬರಿದು.
ಬೇರೆ ಮೊಳೆ ತಲೆಕೆಳಗು ನಿಲ್ಲಿಸಿ ಜಾಗ ಹಿಡಿದೆ.
ಬೆಳಗ್ಗೆ ಬಂದರೆ ಬಾಗಿಲಿಗೆ ಬೀಗ.
ಆಮೇಲೆ ಎಲ್ಲ ಕರಗಿಸಿದರು.

ಗಾಳಿ! ಅಂದ ಜಬೀವುಲ್ಲಾ. ಧೂಳು! ನೆಲದಿಂದಲೇ ಎದ್ದಿದೆ.
ಬೆಳಕು, ಗೋಳ, ಅಂದಳು ಫಿಲೋಮಿನಾ, ಕಕ್ಷೆಯಲ್ಲೇ.
ನಾನು ಟ್ರಿಪ್ ಶೀಟಿನ ಹಿಂದೆ ಬರೆಯತೊಡಗಿದೆ:
ಬೋಲ್ಟುಗಳು, ಕ್ರೇನುಗಳು, ಊಟದ ಡಬ್ಬಿಗಳು.
ಏನೇ ಇರಲಿ, ಒಂದೊಂದಾಗಿ ಇರಲಿಲ್ಲ.

ಲೋಟ ತೊಳೆಯುತ್ತ ಮುನಿರತ್ನಮ್ಮ, ಒಂದು ಸಾಲೂ ಓದದವಳು,
ಅದರ ಹೆಸರೇನಂದ್ರಿ? ಅಂದಳು.
ಮಿಂಚುಳ್ಳಿ.
ಮತ್ತೆ! ಅದರೊಳಗೇ ಒಂದರ ಕೆಳಗೊಂದು ಎರಡು ಕೂತಿದೆಯಲ್ಲ.

ಕಾಳಾಚಾರಿ ಹೆಬ್ಬೆರಳನ್ನು ನೋಡಿಕೊಂಡ.

ಅಷ್ಟು ಸಲ ಹೆಸರು ಬಂದಿದೆ ಅಂದ್ರೆ
ಕೂಗಿರಬೇಕು, ಅಂದಳು ಫಿಲೋಮಿನಾ ಮೆಲ್ಲಗೆ.
ಗೂಡಿನಲ್ಲಿ ಅಕ್ಷರ ಮುಗಿಯೋವರೆಗೂ.

ಜಬೀವುಲ್ಲಾ ಬೆಂಚು ಗುದ್ದಿದ:
ಕೂಗಿದ್ರು ಅಂದ್ರೆ ಗಾಳಿ ಇತ್ತು! ನೆಲದಿಂದಲೇ!
ರೇಡಿಯೋ ಇರಲಿಲ್ವೇನಪ್ಪ? ಅಂದಳು ಅವಳು.
ಮತ್ತೆ ಶುರು.

ಸಂಜೆ ಸ್ಕೂಟರಿನಲ್ಲಿ ಗೊರಗುಂಟೆಪಾಳ್ಯ. ಕೆಂಪು ದೀಪ.
ಸೇತುವೆಯ ಹೊಟ್ಟೆಗೆ ಬರೆದಿದೆ, ಎತ್ತರ ಐದೂವರೆ ಮೀಟರು.
ನಿಲ್ಲಿಸಿ ಒಯ್ದರೆ ತಗಲುತ್ತದೆ.
ಮಲಗಿಸಿ, ರಾತ್ರಿ ಎರಡೂವರೆಗೆ,
ಎರಡೂ ಕಡೆಯ ಲಾರಿಗಳನ್ನು ತಡೆದು,
ಮುಂದೊಬ್ಬ ಸೀಟಿ ಊದುತ್ತ ಹಿಂದೆ ಹಿಂದೆ ನಡೆದರೆ
ದಾಟೀತು.

ಸೀಟಿ ಇನ್ನೂ ನನ್ನ ಹತ್ತಿರವೇ ಇದೆ.