ಎಂಟೂ ಹತ್ತಕ್ಕೆ

ಬೆಳಗಿನ ಎಂಟೂ ಹತ್ತಕ್ಕೆ ಸೂಜಿ.
ಅಲ್ಲಿಯವರೆಗೆ ನೀರು ಬಿಟ್ಟು ಬೇರೇನೂ ಬಾಯಿಗಿಲ್ಲ
ಎಂದು ಬೇಕರಿಯವಳಿಗೆ ಹೇಳುವುದು ಸುಲಭ.

ಎರಡೂವರೆಗೆ ಬಾಗಿಲು ತೆಗೆದೆ. ವರ್ಕ್ಸ್‌ವರ್ತಿನ ಬೀದಿ
ಸುಣ್ಣಕಲ್ಲಿನ ಗುಡ್ಡಕ್ಕೆ ತಲೆಯಾನಿಸಿ ಮಲಗಿತ್ತು.
ಉರಿಯುವ ಒಲೆಯ ಬಾಯಲ್ಲೇ ನಿಂತು
ಎರಡು ಸ್ವೆಟರ್ ತೊಟ್ಟವಳನ್ನು
ನೋಡಿಯೂ ನೋಡದ ಹಾಗೆ ಡೆಕ್ಲನ್ ತಟ್ಟೆ ಜೋಡಿಸುತ್ತಾನೆ.
ಒಳ್ಳೆಯ ಹುಡುಗ. ಆರು ವರ್ಷದಿಂದ ಜೊತೆಗಿದ್ದಾನೆ.
ಹೋದ ಮಂಗಳವಾರ ಅವನ ಹೆಸರು ನನಗೆ ಸಿಗಲಿಲ್ಲ.
ಏಯ್, ನೀನು, ಅಂದೆ.
ಗಂಟಲಲ್ಲಿ ಯಾರೋ ಗಂಡಸು ಕೂತು ಮಾತಾಡಿದ ಹಾಗಿತ್ತು.

ಹಿಂದಿನ ಸಲ ರಕ್ತ ಕೊಟ್ಟದ್ದು ಮಧ್ಯಾಹ್ನ ಮೂರಕ್ಕೆ,
ಒಂದು ಇಡೀ ಪೈ ತಿಂದು,
ಕೂದಲಿಗೆಂದು ಸೊಸೆ ಕೊಟ್ಟ ಬಯೋಟಿನ್ ನುಂಗಿ.
ಅಂಕಿ ಗೆರೆಯೊಳಗೇ ಇತ್ತು.
ವಯಸ್ಸು, ಹೇಜಲ್, ಅಂದರು ಡಾಕ್ಟರು.
ಐವತ್ತೊಂದು ಅಂಥ ದೊಡ್ಡ ಕಾಯಿಲೆ ಎಂದು ನನಗೆ ಗೊತ್ತಿರಲಿಲ್ಲ.

ಈ ಸಲ ಹೊಸ ನರ್ಸು ಫೋನಿನಲ್ಲಿ ಬಿಡಿಸಿ ಹೇಳಿದಳು:
ಮುಂಜಾನೆಯೇ ಬನ್ನಿ, ಅಂಕಿ ಎತ್ತರದಲ್ಲಿರುವ ಹೊತ್ತು ಅದು.
ಆ ಕೂದಲ ಮಾತ್ರೆ ನಿಲ್ಲಿಸಿ, ಯಂತ್ರಕ್ಕೇ ಸುಳ್ಳು ಹೇಳಿಬಿಡುತ್ತದೆ.
ಆಗುತ್ತಿರುವುದನ್ನೆಲ್ಲ ಬರೆದು ತನ್ನಿ. ನಾಚಬೇಡಿ.

ಐದು ದಿನದಿಂದ ಡಬ್ಬಿ ಮುಚ್ಚಳ ಬಿಗಿದು ಕಿಟಕಿಯಲ್ಲಿ ಕೂತಿದೆ.
ಕೂದಲು ಗಮನಿಸಿದಂತಿಲ್ಲ,
ಎಂದಿನಂತೆ ಉದುರುತ್ತಿದೆ.

ಪಟ್ಟಿ ಬರೆದದ್ದು ಹಿಟ್ಟಿನ ಬಿಲ್ಲಿನ ಬೆನ್ನಿಗೆ.
ಚಳಿ. ಹುಬ್ಬಿನ ಹೊರತುದಿ ಅಳಿಸಿಹೋಗಿದೆ.
ಹೊಟ್ಟೆ ನಾಲ್ಕು ದಿನಕ್ಕೊಮ್ಮೆ,
ಇದನ್ನು ಹೊಡೆದುಹಾಕಿ ಮತ್ತೆ ಬರೆದೆ.
ಉಂಗುರ ಬೆರಳು ಬಿಡುತ್ತಿಲ್ಲ; ಗಂಡ ಬಿಟ್ಟು ಎಂಟು ವರ್ಷ.
ಅಳು ಬರುತ್ತದೆ, ಅದು ಬಂದು ಮುಟ್ಟುವಷ್ಟರಲ್ಲಿ ಕಾರಣ ಮರೆತಿರುತ್ತದೆ.
ಒಂದು ಕಂತು, ನಲವತ್ತು ಬನ್ನು, ಉಪ್ಪೇ ಹಾಕದೆ ಬೇಯಿಸಿದ್ದು:
ಎರಡು ಸಲ.

ಎಲ್ಲರೂ ಚಿಟ್ಟೆ ಅನ್ನುತ್ತಾರೆ ಈ ಗ್ರಂಥಿಗೆ.
ಚಿಟ್ಟೆ ಕಟ್ಟಿಕೊಂಡು ನಾನೇನು ಮಾಡಲಿ,
ನನಗೆ ಗೊತ್ತಿರುವುದು ಹಿಟ್ಟು.
ಜನವರಿಯಲ್ಲಿ ಕಿಟಕಿಯ ಕೆಳಗಿಟ್ಟರೆ ಉಬ್ಬುವುದಿಲ್ಲ.
ಯೀಸ್ಟ್ ಸತ್ತಿರುವುದಿಲ್ಲ, ಮಂಕಾಗಿರುತ್ತದೆ, ಅಷ್ಟೆ.
ಹಿಟ್ಟಿಗೆ ಯಾರೂ ಸೋಮಾರಿ ಅನ್ನುವುದಿಲ್ಲ,
ತುಸು ಬೆಚ್ಚಗಿನ ಕಡೆಗೆ ಜರುಗಿಸುತ್ತಾರೆ.

ಅಜ್ಜಿ ಎಡಿತ್‌ಳ ಫೋಟೋ ಒಂದಿದೆ, ಗಿರಣಿಯ ಹೆಂಗಸರ ನಡುವೆ.
ಜೂನಿನ ಬಿಸಿಲು, ಎಲ್ಲರ ತೋಳೂ ಬರಿದು.
ಅವಳೊಬ್ಬಳ ಕತ್ತಿಗೆ ಉಣ್ಣೆಯ ಶಾಲು, ಎರಡು ಸುತ್ತು.
ಡರ್ಬಿಶೈರ್ ಕತ್ತು ಅನ್ನುತ್ತಿದ್ದರಂತೆ ಗಳಗಂಡಕ್ಕೆ,
ಸೀಮೆಯ ಹೆಸರನ್ನೇ ತಂದು ಗಂಟಲಿಗೆ ಕಟ್ಟಿ.
ಅವಳನ್ನು ಯಾರೂ ಎಂಟೂ ಹತ್ತಕ್ಕೆ ಬಾ ಅನ್ನಲಿಲ್ಲ.

ನಾಲ್ಕಕ್ಕೆ ಮೊದಲ ತಟ್ಟೆ ಹೊರಬಂತು. ನೀರು ಕುಡಿದೆ.
ಐದೂವರೆಗೆ ದಾಲ್ಚಿನ್ನಿಯ ಸುರುಳಿ. ನೀರು ಕುಡಿದೆ.
ಏಳೂಮುಕ್ಕಾಲಿಗೆ ಕೊನೆಯ ಕಂತಿನ ಒಂದು ಬನ್ನು
ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗಿಳಿಸಿ ಹೊರಟೆ.

ಸೂಜಿ ಹಿಡಿದವನು ಒಲುವಾಫೆಮಿ, ನನ್ನ ಮಗನ ವಯಸ್ಸು.
ಪಟ್ಟಿಯನ್ನು ಟ್ರೇಯಲ್ಲಿಟ್ಟ. ತೋಳು ಹಿಂಡಿದ, ತಟ್ಟಿದ.
ಚಳಿಗೆ ನರ ಒಳಗೆ ಹೋಗಿಬಿಟ್ಟಿದೆ ಅಮ್ಮಾ,
ಏನಾದರೂ ಬಿಸಿಯಾದದ್ದು ಬೇಕಿತ್ತು, ಅಂದ.
ಜೇಬಿಗೆ ಕೈ ಹಾಕಿದೆ.
ಮೊಣಕೈಯ ಮಡಿಕೆಯಲ್ಲಿ ಬನ್ನು ಒತ್ತಿಕೊಂಡು
ಇಬ್ಬರೂ ಗಡಿಯಾರ ನೋಡುತ್ತ ಕೂತೆವು.
ನರ ಬಂತು. ಎರಡು ಸೀಸೆ, ಬಂಗಾರದ ಬಣ್ಣದ ಮುಚ್ಚಳ.
ಗುರುವಾರ ಫೋನು ಮಾಡುತ್ತಾರಂತೆ.

ಹೊರಗೆ ಮೆಟ್ಟಿಲ ಮೇಲೆ ಕೂತು
ಹನ್ನೆರಡು ಗಂಟೆಯ ಹಸಿವಿನಲ್ಲಿ ಕಚ್ಚಿದೆ.

ಸಪ್ಪೆ.

ಉಳಿದ ಮೂವತ್ತೊಂಬತ್ತು ಈ ಹೊತ್ತಿಗೆ ಅರ್ಧ ಊರಿನ ಬಾಯಲ್ಲಿ.
ಪೂರ್ತಿ ತಿಂದು ಮುಗಿಸಿ, ಎದ್ದು, ಮತ್ತೆ ಒಳಗೆ ಹೋಗಿ
ಪಟ್ಟಿಯನ್ನು ಒಂದು ನಿಮಿಷ ವಾಪಸು ಕೇಳಿದೆ.
ಅವನ ಪೆನ್ನಿನಿಂದಲೇ
ಎರಡನ್ನು ಮೂರು ಮಾಡಿದೆ.