ಅಗ್ಗದ ಗಳಿಗೆ

ಮೂವತ್ತು ವರ್ಷ ರಾತ್ರಿಪಾಳಿ ನಮ್ಮದು.
ಅಜ್ಜನ ಸುತ್ತಿಗೆ ತೊರೆನೀರಿಗೆ ಕಾಯುತ್ತಿತ್ತು,
ನಾವು ದರಕ್ಕೆ.
ಓಡೊಲೊ ದೀಪ ಆರಿಸಿ ಮಲಗಿದ ಮೇಲೆ
ಕರೆಂಟು ಅಗ್ಗ;
ಆಗ ಇಳಿಸುತ್ತಿದ್ದೆವು
ಬೊಡ್ಡೆಯಂಥ ಮೂರು ಕರಿಗಂಬ
ಗುಜರಿಯ ಹೊಟ್ಟೆಗೆ—
ಸತ್ತ ಫಿಯಟ್ಟುಗಳು, ಒಲೆ, ಮಂಚ,
ಎಲ್ಲ ಒಂದೇ ಗಂಜಿ.

ಇವಾನಾ ಕೇಳುತ್ತಿದ್ದಳು:
ಕಲ್ಲಿದ್ದಲ ಕುಲುಮೆಯವರಿಗೂ ಇದೇ ಬಾಳಾ?
ಅದು ಆರಿಸಲಾಗದ ಒಲೆ, ಅಂದೆ,
ದರ ಕೇಳಿ ಉರಿಯುವುದಲ್ಲ.

ಈಗ ಸೂರುಸೂರಿಗೂ ಸೋಲಾರು.
ಭಾನುವಾರ ಮಟಮಟ ಮಧ್ಯಾಹ್ನ,
ಕಣಿವೆಗೆ ಕಣಿವೆಯೇ ಊಟಕ್ಕೆ ಕೂತಿರುವಾಗ,
ದರ ಸೊನ್ನೆ ಮುಟ್ಟುತ್ತದೆ.
ಫೋನು: "ತುಲ್ಲಿಯೊ, ಬಾ."
ತಟ್ಟೆಯಲ್ಲಿ ಪೊಲೆಂಟಾ ಆರುತ್ತದೆ.

ನಿನ್ನೆ ರಾತ್ರಿ ಮನೆಯಲ್ಲೇ ಮಲಗಿದ್ದೆ.
ನಡುವೆ ಮಗ್ಗುಲು ಬದಲಿಸಿದ್ದಕ್ಕೆ
ಬೆಚ್ಚಿ ಎದ್ದಳು:
"ಯಾರದು?"