ಅಚ್ಚು

ಮೂಳೆ ವಾರ್ಡಿನಿಂದ ಫಿಡೆಲ್ಮಾ ತಂದದ್ದು
ಅವಧಿ ಮುಗಿದ ಎರಡು ಸುರುಳಿ ಪ್ಲಾಸ್ಟರ್ ಪಟ್ಟಿ.
ಡೆರಿಯ ಅಡುಗೆಮನೆಯ ಮೇಜಿನ ಮೇಲೆ
ಅಂಗಾತ ತಮ್ಮ ಕಾಹಲ್:
ಹುಬ್ಬಿಗೆ ದಪ್ಪಗೆ ವ್ಯಾಸಲೀನು,
ಮೂಗಿಗೆ ಎರಡು ಸ್ಟ್ರಾ.

"ನಗಬೇಡ ಮತ್ತೆ.
ನಕ್ಕೆಯೋ, ಹ್ಯಾಲೋವೀನ್ ಪೂರ್ತಿ ಅದೇ ಹಲ್ಲು."

ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ;
ಕೆನ್ನೆ ತನ್ನದಲ್ಲವಾಗುತ್ತ ಬಂತು.
ಕಿವಿ ಮಾತ್ರ ಬಯಲಲ್ಲಿ.
ಬೀದಿಯಲ್ಲೊಂದು ಪಟಾಕಿ. ಕೆಟಲ್ಲಿನ ಗೊರಗೊರ.
ಆಚೆ ಅಕ್ಕ, ಫೋನಿಗೆ, ದನಿ ತಗ್ಗಿಸಿ:
"ಹೂಂ, ಪರ್ತ್. ಜನವರಿಗೆ.
ಇಲ್ಲ, ಅವನಿಗಿನ್ನೂ ಹೇಳಿಲ್ಲ."

ಕೇಳಿಸಿಯೂ ಕೇಳಿಸದವನ ಹಾಗೆ ಮಲಗಿದ್ದ.
ಬೇರೆ ದಾರಿಯೂ ಇರಲಿಲ್ಲ.
ಸ್ಟ್ರಾಗಳೆರಡೂ ಒಮ್ಮೆ ಸಣ್ಣಗೆ ಸಿಳ್ಳೆ ಹಾಕಿದವು.

ಬಿಡಿಸಿದಳು. ಹೊರಮೈ ಮೊಟ್ಟೆಯ ಹಾಗೆ.
ಕಣ್ಣು ಕೊರೆದು, ಉಳಿದ ಗೋಡೆಬಣ್ಣ ಬಳಿದು,
ಮೂಗಿನ ಕಂದು ಚುಕ್ಕೆಗಳನ್ನೂ ಎಣಿಸಿ ಇಟ್ಟಳು.
"ನೋಡು, ಥೇಟ್ ನೀನೇ!"

ಒಳಮೈಯಲ್ಲಿ, ಹುಬ್ಬುಗಳ ನಡುವೆ,
ಉಬ್ಬಿದ ಒಂದು ಗೆರೆ.
ಬೆರಳಾಡಿಸಿ ನೋಡಿದ. ಮುಖಕ್ಕೇರಿಸಿಕೊಂಡ.

ಮೂರನೇ ಮನೆಯ ಮುದುಕಿ
ಬೊಗಸೆ ಕಡಲೆಕಾಯಿ ಹಿಡಿದು ಕೇಳಿದಳು:
"ಯಾರ ವೇಷವಪ್ಪ?"
"ಕಾಹಲ್."
"ಹೋಲುವುದಿಲ್ಲ ಬಿಡು," ಅಂದಳು,
"ಆ ಹುಡುಗ ನಗುತ್ತಿರುತ್ತಾನೆ."